ಟ್ಯಾಂಕ್ ತುಂಬಿದ್ದು ಅಡುಗೆಮನೆಗೆ ಗೊತ್ತಾಗಲಿ: ಒಂದು ಪುಟ್ಟ ಸಾಧನವನ್ನು ಯೋಚಿಸಿ, ಕಟ್ಟಿ, ಗೋಡೆಗೆ ಹಾಕುವ ಬಗೆ

ಪಕ್ಕದ ಮನೆಯವರು ಕಾಂಪೌಂಡಿನ ಆಚೆಯಿಂದ "ರೀ, ನಿಮ್ಮ ಟ್ಯಾಂಕ್ ತುಂಬಿ ಹರೀತಾ ಇದೆ" ಅಂತ ಕೂಗುವುದೇ ಬಹಳ ಕಾಲ ನಮ್ಮ ಮನೆಯ ವಾಟರ್ ಅಲಾರಂ ಆಗಿತ್ತು. ಮೋಟರ್ ಹಾಕುವುದು ಎಲ್ಲರಿಗೂ ನೆನಪಿರುತ್ತದೆ, ಆರಿಸುವುದು ಯಾರಿಗೂ ಇಲ್ಲ. ಇದಕ್ಕೊಂದು ಯಂತ್ರ ಮಾಡಿಯೇ ತೀರುತ್ತೇನೆ ಎಂದು ಹೊರಟ ನಾನು ಶಬ್ದದ ಪ್ರತಿಧ್ವನಿಯಿಂದ ದೂರ ಅಳೆಯುವ ಅಲ್ಟ್ರಾಸಾನಿಕ್ ಸೆನ್ಸರ್ ತಂದೆ, ಎಲ್‌ಸಿಡಿ ಪರದೆ ತಂದೆ, ನೀರಿನ ಮಟ್ಟವನ್ನು ಶೇಕಡಾವಾರು ತೋರಿಸುವಂತೆ ಮಾಡಿದೆ. ಅಮ್ಮ ಕೈ ಒರೆಸಿಕೊಳ್ಳುತ್ತಾ ಬಂದು ನೋಡಿದರು. "73 ಪರ್ಸೆಂಟ್ ಅಂದ್ರೆ ಎಷ್ಟು ಬಿಂದಿಗೆನೋ?" ಎಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಕೆಲವೇ ವಾರಗಳಲ್ಲಿ ಟ್ಯಾಂಕಿನೊಳಗಿನ ತೇವಕ್ಕೆ ಸೆನ್ಸರ್ ಕೂಡ ಸತ್ತಿತು.

ಎರಡನೆಯ ಸಲ ಮಾಡಿದ್ದು ಈಗಲೂ ಅಡುಗೆಮನೆಯ ಗೋಡೆಯ ಮೇಲಿದೆ. ಒಂದು ದೀಪ, ಒಂದು ಬಜರ್, ಒಂದು ದಪ್ಪ ಬಟನ್, ಅಷ್ಟೇ. ಅದನ್ನು ಮಾಡುವ ದಾರಿಯನ್ನು ಇಲ್ಲಿ ಹೇಳುತ್ತೇನೆ. ಎಲೆಕ್ಟ್ರಾನಿಕ್ಸ್ ಓದಿರಬೇಕಿಲ್ಲ. ಇದಕ್ಕೆ ಬಳಸುವ ಆರ್ಡುಯಿನೊ ಬೋರ್ಡ್ (ಪ್ರೋಗ್ರಾಂ ಹಾಕಿ ನಡೆಸುವ ಒಂದು ಪುಟ್ಟ ಕಂಪ್ಯೂಟರ್ ಹಲಗೆ) ಹುಟ್ಟಿದ್ದೇ ಎಂಜಿನಿಯರಿಂಗ್ ಕಾಲೇಜಿನಲ್ಲಲ್ಲ. ಇಟಲಿಯ ಇವ್ರಿಯಾ ಊರಿನ ಒಂದು ವಿನ್ಯಾಸ ಶಾಲೆಯಲ್ಲಿ, 2005ರಲ್ಲಿ. ಅದಕ್ಕೆ ತಳಹದಿಯಾದ ವೈರಿಂಗ್ ಎಂಬ ವ್ಯವಸ್ಥೆಯನ್ನು ಅದೇ ಶಾಲೆಯ ಹೆರ್ನಾಂಡೊ ಬರಗಾನ್ 2003ರಲ್ಲಿ ತನ್ನ ಸ್ನಾತಕೋತ್ತರ ಪ್ರಬಂಧಕ್ಕಾಗಿ ಮಾಡಿದ್ದ. ಸರ್ಕ್ಯೂಟ್ ಎಂದರೆ ಹೆದರುವ ವಿನ್ಯಾಸ ವಿದ್ಯಾರ್ಥಿಗಳ ಕೈಗೆ ಕೊಡಲಿಕ್ಕೆಂದೇ ಆದದ್ದು ಅದು.

ಮೊದಲ ವಾರ ಏನೂ ಕೊಳ್ಳಬೇಡಿ

ಒಂದು ನೋಟ್‌ಬುಕ್ ಇಟ್ಟುಕೊಂಡು ನೋಡುತ್ತಿರಿ. ಮೋಟರ್ ಯಾರು ಹಾಕುತ್ತಾರೆ, ಎಷ್ಟು ಹೊತ್ತಿಗೆ, ಆಮೇಲೆ ಎಲ್ಲಿಗೆ ಹೋಗುತ್ತಾರೆ, ಅಲ್ಲಿ ಏನು ಕೇಳಿಸುತ್ತದೆ, ಅವರ ಕೈ ಒದ್ದೆಯೋ ಒಣಗಿದೆಯೋ. ಇಷ್ಟು ಬರೆದಿಡಿ. ನನ್ನ ಪುಸ್ತಕದಲ್ಲಿ ಬಂದದ್ದು ಹೀಗೆ: ಮೋಟರ್ ಹಾಕುವುದು ಬೆಳಗ್ಗೆ ಆರೂವರೆಗೆ, ಹಾಕುವವರು ಅಮ್ಮ. ಆಗ ಕುಕ್ಕರ್ ಕೂಗುತ್ತಿರುತ್ತದೆ, ಮಿಕ್ಸಿ ಓಡುತ್ತಿರುತ್ತದೆ. ಕೈಗೆ ಹಿಟ್ಟೋ ಎಣ್ಣೆಯೋ ಅಂಟಿರುತ್ತದೆ. ಫೋನ್ ರೂಮಿನಲ್ಲಿ ಚಾರ್ಜಿಗೆ ಇರುತ್ತದೆ, ಅದೂ ಸೈಲೆಂಟಿನಲ್ಲಿ.

ಕೊನೆಯ ಆ ಒಂದು ಸಾಲು ನನ್ನ ಅರ್ಧ ಖರ್ಚು ಉಳಿಸಿತು. ವೈಫೈ ಇರುವ ಬೋರ್ಡ್ ತಂದು ಫೋನಿಗೆ ಸಂದೇಶ ಕಳಿಸುವ ಯೋಚನೆಯಿತ್ತು, ಅದನ್ನು ಕೈಬಿಟ್ಟೆ. ಪರದೆಯನ್ನೂ ಬಿಟ್ಟೆ. ಎಷ್ಟು ನೀರಿದೆ ಎಂಬುದು ಅಮ್ಮನಿಗೆ ಬೇಕಿರಲೇ ಇಲ್ಲ, "ಈಗ ಆರಿಸು" ಎಂಬ ಒಂದೇ ಮಾತು ಬೇಕಿತ್ತು.

ಜತೆಗೆ ಒಂದು ಲೆಕ್ಕ ಮಾಡಿಕೊಳ್ಳಿ. ನಮ್ಮದು 1000 ಲೀಟರ್ ಟ್ಯಾಂಕ್, ಅಡ್ಡಳತೆ ಸುಮಾರು ಒಂದು ಮೀಟರ್. ಖಾಲಿಯಿಂದ ತುಂಬಲು 25 ನಿಮಿಷ, ಅಂದರೆ ನಿಮಿಷಕ್ಕೆ 40 ಲೀಟರ್. ಓವರ್‌ಫ್ಲೋ ಪೈಪಿಗಿಂತ 10 ಸೆಂಟಿಮೀಟರ್ ಕೆಳಗೆ ಸೆನ್ಸರ್ (ಈ ಸಲ ಫ್ಲೋಟ್ ಸ್ವಿಚ್ ಎಂಬ ತೇಲುವ ಸ್ವಿಚ್) ಇಟ್ಟರೆ ನಡುವೆ ಉಳಿಯುವುದು ಸುಮಾರು 80 ಲೀಟರ್ ಜಾಗ. ಹಾಗಾಗಿ ಬಜರ್ ಕೂಗಿದ ಮೇಲೆ ಅಮ್ಮನಿಗೆ ಸಿಗುವುದು ಎರಡು ನಿಮಿಷ. ಒಗ್ಗರಣೆ ಇಳಿಸಿ, ಕೈ ತೊಳೆದು, ಹೊರಗೆ ಹೋಗಿ ಸ್ವಿಚ್ ಆರಿಸಲು ಸಾಕು. ನಿಮ್ಮ ಮನೆಯ ಮೋಟರ್ ಇನ್ನೂ ಜೋರಾಗಿದ್ದರೆ ಸೆನ್ಸರ್ ಇನ್ನಷ್ಟು ಕೆಳಗಿರಬೇಕು.

ರಟ್ಟಿನ ಡಬ್ಬಿ, ಸೈಕಲ್ ಬೆಲ್

ಪಾಮ್ ಪೈಲಟ್ ಎಂಬ ಅಂಗೈ ಕಂಪ್ಯೂಟರ್ 1996ರಲ್ಲಿ ಬಂತು. ಅದನ್ನು ರೂಪಿಸಿದ ಜೆಫ್ ಹಾಕಿನ್ಸ್ ಸರ್ಕ್ಯೂಟ್‌ಗೆ ಕೈಹಾಕುವ ಮೊದಲು ಅದೇ ಅಳತೆಯ ಒಂದು ಮರದ ತುಂಡನ್ನು ಕೆತ್ತಿ ಅಂಗಿಯ ಜೇಬಿನಲ್ಲಿಟ್ಟುಕೊಂಡು ತಿರುಗಿದ. ಯಾರಾದರೂ ಭೇಟಿಯ ದಿನ ಕೇಳಿದರೆ ಮರದ ತುಂಡು ತೆಗೆದು, ಚಾಪ್‌ಸ್ಟಿಕ್ಕಿನಿಂದ ಅದರ ಮೇಲೆ ಬರೆದಂತೆ ನಟಿಸುತ್ತಿದ್ದ. ಜೇಬಿಗೆ ಹಿಡಿಯುತ್ತದೋ, ತೆಗೆಯಲು ಕಿರಿಕಿರಿಯೋ ಎಂಬುದನ್ನು ಮರವೇ ಹೇಳಿತು.

ನಾನು ಸೋಪಿನ ರಟ್ಟಿನ ಡಬ್ಬಿ ತೆಗೆದುಕೊಂಡು, ಅದರ ಮೇಲೆ ಬಟನ್ ಬದಲಿಗೆ ನೀರಿನ ಬಾಟಲಿಯ ಮುಚ್ಚಳ ಅಂಟಿಸಿ ಅಡುಗೆಮನೆಯ ಗೋಡೆಗೆ ಹಾಕಿದೆ. ಮರುದಿನ ಬೆಳಗ್ಗೆ ನಾನು ತಾರಸಿಯಲ್ಲಿ ಟ್ಯಾಂಕಿನ ಪಕ್ಕ ಕೂತೆ. ತಮ್ಮ ಅಡುಗೆಮನೆಯ ಬಾಗಿಲ ಹಿಂದೆ ಸೈಕಲ್ ಬೆಲ್ ಹಿಡಿದು ನಿಂತ. ನೀರು ಗುರುತಿಗೆ ಬಂದ ಕೂಡಲೇ ನಾನು ಫೋನ್ ಮಾಡುವುದು, ಅವನು ಬೆಲ್ ಬಾರಿಸುವುದು, ಅಮ್ಮ ಮುಚ್ಚಳ ಒತ್ತಿದರೆ ನಿಲ್ಲಿಸುವುದು. ತೊಗಲುಗೊಂಬೆ ಆಟದಲ್ಲಿ ಪರದೆಯ ಹಿಂದೆ ಕೂತು ಗೊಂಬೆ ಕುಣಿಸುವವರ ಹಾಗೆ, ಯಂತ್ರದ ಕೆಲಸವನ್ನೆಲ್ಲ ನಾವೇ ಮಾಡಿದೆವು. ಮೂರು ದಿನ ಹೀಗೆ ನಡೆಯಿತು. ಖರ್ಚು ಸೊನ್ನೆ, ತಮ್ಮನ ಬೈಗುಳ ಧಾರಾಳ.

ಡಬ್ಬಿಯನ್ನು ನಾನು ಬಾಗಿಲ ಪಕ್ಕ, ನನ್ನ ಎತ್ತರಕ್ಕೆ ಹಾಕಿದ್ದೆ. ಅಮ್ಮ ಒತ್ತಿದ್ದು ಬೆರಳಿನಿಂದಲ್ಲ, ಮೊಣಕೈಯಿಂದ! ಕೈಯಲ್ಲಿ ಹಿಟ್ಟಿತ್ತಲ್ಲ. ಅಂದೇ ಡಬ್ಬಿ ಒಂದೂವರೆ ಅಡಿ ಕೆಳಗಿಳಿಯಿತು, ಬಟನ್ ದಪ್ಪಗಾಯಿತು. ಇನ್ನೊಂದು: ಬೆಲ್ ಬಿಡದೆ ಬಾರಿಸಿದರೆ "ಆ ಗಲಾಟೆ ನಿಲ್ಸೋ ಮೊದ್ಲು" ಎಂಬ ಸಿಟ್ಟು ಬರುತ್ತಿತ್ತು. ಮೂರು ಸಲ ಬಾರಿಸಿ ಸ್ವಲ್ಪ ಬಿಟ್ಟು ಮತ್ತೆ ಮೂರು ಸಲ ಬಾರಿಸಿದಾಗ ತಿರುಗಿ ನೋಡುತ್ತಿದ್ದರು. ಈ ಎರಡೂ ಸಂಗತಿ ಬಿಡಿಭಾಗಗಳ ವಿವರ ಕೊಡುವ ಯಾವ ಡೇಟಾಶೀಟಿನಲ್ಲೂ ಸಿಗುವುದಿಲ್ಲ.

ಸಾಮಾನು

ಬೆಂಗಳೂರಿನವರಿಗೆ ಎಸ್‌ಪಿ ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳು ಗೊತ್ತೇ ಇವೆ. ಉಳಿದ ಊರಿನವರಿಗೆ ಆನ್‌ಲೈನ್. ಮನೆಯಲ್ಲಿ ಆರನೇ ತರಗತಿ ದಾಟಿದ ಮಕ್ಕಳಿದ್ದರೆ ಅವರ ಶಾಲೆಯಲ್ಲಿ ಅಟಲ್ ಟಿಂಕರಿಂಗ್ ಲ್ಯಾಬ್ (ಮಕ್ಕಳು ಇಂಥ ಸಾಧನ ಮಾಡಿ ಕಲಿಯುವ, ಕೇಂದ್ರ ಸರ್ಕಾರದ ನೆರವಿನ ಪ್ರಯೋಗಾಲಯ) ಇದೆಯೇ ವಿಚಾರಿಸಿ. ಇದ್ದರೆ ಇದರಲ್ಲಿ ಬಹುಪಾಲು ಅಲ್ಲಿಯೇ ಇರುತ್ತದೆ.

ಬೇಕಾದವು: ಆರ್ಡುಯಿನೊ ಊನೊ ಅಥವಾ ಅದರ ನಕಲು ಬೋರ್ಡ್ ಒಂದು, ಬ್ರೆಡ್‌ಬೋರ್ಡ್ (ಬೆಸುಗೆಯಿಲ್ಲದೆ ಭಾಗಗಳನ್ನು ಸಿಕ್ಕಿಸುವ ತೂತುಗಳ ಹಲಗೆ), ಅದಕ್ಕೆ ಸಿಕ್ಕಿಸುವ ಜಂಪರ್ ವೈರುಗಳು, ಎಲ್‌ಇಡಿ, 220 ಓಮ್, 1 ಕಿಲೋಓಮ್ ಮತ್ತು 4.7 ಕಿಲೋಓಮ್ ರೆಸಿಸ್ಟರುಗಳು (ಕರೆಂಟನ್ನು ತಡೆಯುವ ಭಾಗ; ಓಮ್ ಆ ತಡೆಯ ಅಳತೆ), 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ (ಸ್ವಲ್ಪ ವಿದ್ಯುತ್ ಹಿಡಿದಿಡುವ ಭಾಗ), ಬಿಸಿ547 ಟ್ರಾನ್ಸಿಸ್ಟರ್ (ಸಣ್ಣ ಕರೆಂಟಿನಿಂದ ದೊಡ್ಡದನ್ನು ನಡೆಸುವ ಮೂರು ಕಾಲಿನ ಭಾಗ), 5 ವೋಲ್ಟಿನ ಬಜರ್, ದಪ್ಪ ಬಟನ್, ಫ್ಲೋಟ್ ಸ್ವಿಚ್, ಮತ್ತು ಒಂದು ಮಲ್ಟಿಮೀಟರ್ (ವೋಲ್ಟ್, ಕರೆಂಟ್ ಅಳೆಯುವ ಸಾಧನ). ಮಲ್ಟಿಮೀಟರ್ ಅಗ್ಗದ್ದಾದರೂ ಸರಿ, ಆದರೆ ಬೀಪ್ ಶಬ್ದದ ಕಂಟಿನ್ಯುಯಿಟಿ (ಎರಡು ತುದಿ ಒಳಗೆ ಕೂಡಿವೆಯೇ ಎಂಬ) ಪರೀಕ್ಷೆ ಇರಲೇಬೇಕು. ಸಾಮಾನು ತರುವಾಗ ಎಲ್ಲದರಲ್ಲೂ ಒಂದೊಂದು ಹೆಚ್ಚು ತನ್ನಿ. ಕಲಿಯುವಾಗ ಸುಡುತ್ತವೆ.

ನಕಲು ಬೋರ್ಡ್ ಕೊಂಡರೆ ಅದರಲ್ಲಿ ಸಾಮಾನ್ಯವಾಗಿ ಕಂಪ್ಯೂಟರಿನ ಜತೆ ಮಾತಾಡಲು ಸಿಎಚ್340 ಎಂಬ ಚಿಪ್ ಇರುತ್ತದೆ, ಕಂಪ್ಯೂಟರಿಗೆ ಅದರ ಡ್ರೈವರ್ ಬೇಕಾಗಬಹುದು. ಡ್ರೈವರ್ ಹಾಕಿದರೂ ಬೋರ್ಡ್ ಕಾಣಿಸದಿದ್ದರೆ ಮೊದಲು ಯುಎಸ್‌ಬಿ ಕೇಬಲ್ ಬದಲಿಸಿ. ಚಾರ್ಜಿಗಷ್ಟೇ ಬರುವ, ಒಳಗೆ ಡೇಟಾ ವೈರೇ ಇಲ್ಲದ ಕೇಬಲ್‌ಗಳು ಬಹಳ. ಅಂಥದೊಂದರ ಜತೆ ನಾನು ಒಂದು ಸಂಜೆ ಪೂರ್ತಿ ಗುದ್ದಾಡಿದ್ದೇನೆ.

ಫ್ಲೋಟ್ ಸ್ವಿಚ್ ಬಗ್ಗೆ ಸ್ವಲ್ಪ. ಕಡ್ಡಿಯೊಳಗೆ ಆಯಸ್ಕಾಂತ ಹತ್ತಿರ ಬಂದರೆ ಕೂಡುವ ಒಂದು ರೀಡ್ ಸ್ವಿಚ್, ಅದರ ಸುತ್ತ ಆಯಸ್ಕಾಂತ ಇರುವ ತೇಲುವ ಬಿಲ್ಲೆ. ನೀರು ಏರಿದಂತೆ ಬಿಲ್ಲೆ ಏರಿ ಸ್ವಿಚ್ಚನ್ನು ಕೂಡಿಸುತ್ತದೆ ಅಥವಾ ಬಿಡಿಸುತ್ತದೆ. ಎರಡು ವೈರು ಅಷ್ಟೇ, ಅಲ್ಟ್ರಾಸಾನಿಕ್ಕಿನ ಹಾಗೆ ತೇವಕ್ಕೆ ಸಾಯುವ ಭಾಗ ಹೊರಗಿಲ್ಲ. ನೀರಿನಲ್ಲಿ ಎರಡು ತಂತಿ ಇಳಿಬಿಟ್ಟು ಕರೆಂಟ್ ಹಾಯುತ್ತದೆಯೇ ನೋಡುವ ಉಪಾಯವೂ ಇದೆ, ಆದರೆ ಸದಾ ಡಿಸಿ (ಒಂದೇ ದಿಕ್ಕಿನ ಕರೆಂಟ್) ಹರಿಯುತ್ತಿದ್ದರೆ ತಂತಿ ಸವೆದು ಹೋಗುತ್ತದೆ, ಕುಡಿಯುವ ನೀರಿಗೆ ಆ ಲೋಹ ಸೇರುತ್ತದೆ. ಬೇಡ.

ಮೇಜಿನ ಮೇಲೆ

ಜಾಲತಾಣಗಳಾದ ವೋಕ್ವಿ ಅಥವಾ ಟಿಂಕರ್‌ಕ್ಯಾಡ್‌ನಲ್ಲಿ ಉಚಿತವಾಗಿ ಸರ್ಕ್ಯೂಟ್ ಎಳೆದು, ಕಂಪ್ಯೂಟರಿನಲ್ಲೇ ಓಡಿಸಿ ನೋಡಬಹುದು. ಒಂದೆರಡು ಸಂಜೆ ಅಲ್ಲಿ ಆಡಿ. ಆದರೆ ಅಲ್ಲೇ ಕೂತುಬಿಡಬೇಡಿ. ಸಿಮ್ಯುಲೇಟರಿನಲ್ಲಿ ವೈರು ಸಡಿಲವಾಗುವುದಿಲ್ಲ, ಮನೆಯಲ್ಲಿ ಆಗುತ್ತದೆ.

ಬ್ರೆಡ್‌ಬೋರ್ಡಿನಲ್ಲಿ ಐದೈದು ರಂಧ್ರಗಳ ಸಾಲು ಒಳಗಿನಿಂದ ಕೂಡಿರುತ್ತದೆ, ನಡುವಿನ ಕಾಲುವೆ ಎರಡು ಬದಿಯನ್ನು ಬೇರ್ಪಡಿಸುತ್ತದೆ. ಅಂಚಿನ ಉದ್ದ ಪಟ್ಟಿಗಳು ಕೆಲವು ಬೋರ್ಡುಗಳಲ್ಲಿ ನಡುಮಧ್ಯೆ ತುಂಡಾಗಿರುತ್ತವೆ, ಮಲ್ಟಿಮೀಟರಿನಿಂದ ಬೀಪ್ ಮಾಡಿ ನೋಡಿಕೊಳ್ಳಿ. ನಾಲ್ಕು ಕಾಲಿನ ಪುಟ್ಟ ಬಟನ್ ಸಿಕ್ಕಿಸುವಾಗ ಅದು ಕಾಲುವೆಯ ಮೇಲೆ ಕೂರಬೇಕು. ತೊಂಬತ್ತು ಡಿಗ್ರಿ ತಿರುಗಿಸಿದರೆ ಸದಾ ಒತ್ತಿದಂತೆಯೇ ಇರುತ್ತದೆ.

ಮೊದಲು ಎಲ್‌ಇಡಿ. ಉದ್ದ ಕಾಲು ಬೋರ್ಡಿನ 9ನೇ ಪಿನ್ನಿಗೆ (ವೈರು ಸಿಕ್ಕಿಸುವ, ಅಂಕಿ ಬರೆದ ತೂತು), ನಡುವೆ 220 ಓಮ್ ರೆಸಿಸ್ಟರ್ (ಬಣ್ಣ ಕೆಂಪು, ಕೆಂಪು, ಕಂದು), ಗಿಡ್ಡ ಕಾಲು ಗ್ರೌಂಡಿಗೆ (ಕರೆಂಟ್ ಮರಳುವ, GND ಎಂದು ಬರೆದ ಪಿನ್). 5 ವೋಲ್ಟಿನಲ್ಲಿ ಎಲ್‌ಇಡಿ ಸುಮಾರು 2 ವೋಲ್ಟ್ ನುಂಗುತ್ತದೆ. ಉಳಿದ 3 ವೋಲ್ಟನ್ನು 220ರಿಂದ ಭಾಗಿಸಿದರೆ 14 ಮಿಲಿಆಂಪ್ ಹತ್ತಿರ. ಊನೊದ ಒಂದು ಪಿನ್ನಿನಿಂದ 20ಕ್ಕಿಂತ ಹೆಚ್ಚು ಎಳೆಯಬಾರದು, ಹಾಗಾಗಿ ಇದು ಕ್ಷೇಮ. ಬಜರ್ ಅದಕ್ಕಿಂತ ಹೆಚ್ಚು ಎಳೆಯಬಹುದು. ಅದನ್ನು ನೇರವಾಗಿ ಕೊಡದೆ ಬಿಸಿ547ರ ಮೂಲಕ ಕೊಡಿ (ಅದರ ಮೂರು ಕಾಲುಗಳ ಹೆಸರು ಬೇಸ್, ಎಮಿಟರ್, ಕಲೆಕ್ಟರ್): ಇನ್ನೊಂದು ಪಿನ್ನಿನಿಂದ 1 ಕಿಲೋಓಮ್ ದಾಟಿ ಬೇಸಿಗೆ, ಎಮಿಟರ್ ಗ್ರೌಂಡಿಗೆ, ಬಜರ್ 5 ವೋಲ್ಟ್ ಮತ್ತು ಕಲೆಕ್ಟರ್ ನಡುವೆ.

ಫ್ಲೋಟ್ ಸ್ವಿಚ್ ಇನ್ನೂ ಮುಟ್ಟಬೇಡಿ. ಅದರ ಬದಲು ಒಂದು ಜಂಪರ್ ವೈರಿನ ಒಂದು ತುದಿ 2ನೇ ಪಿನ್ನಿಗೆ, ಇನ್ನೊಂದು ಗ್ರೌಂಡಿಗೆ. ವೈರು ಸಿಕ್ಕಿದ್ದರೆ "ತುಂಬಿಲ್ಲ", ಕಿತ್ತರೆ "ತುಂಬಿತು". ಪಿನ್ನನ್ನು ಇನ್‌ಪುಟ್ ಪುಲ್‌ಅಪ್ (ಒಳಗಿನ ರೆಸಿಸ್ಟರ್ ಪಿನ್ನನ್ನು 5 ವೋಲ್ಟಿನತ್ತ ಎಳೆದು ಹಿಡಿಯುವ ಬಗೆ) ಎಂದು ಪ್ರೋಗ್ರಾಂನಲ್ಲಿ ಘೋಷಿಸಿ. ಆಗ ವೈರು ಇಲ್ಲದಿರುವಾಗ ಪಿನ್ ಅತ್ತಿತ್ತ ತೂರಾಡದೆ 5 ವೋಲ್ಟಿನಲ್ಲಿ ನಿಲ್ಲುತ್ತದೆ.

ತುಂಬಿದಾಗ ಕೂಡುವ ಬದಲು ಬಿಡುವ ಹಾಗೆ ಯಾಕೆ? ಮುಂದೊಂದು ದಿನ ಇಲಿ ಕೇಬಲ್ ಕಡಿದರೆ ಸಾಧನಕ್ಕೆ ಅದು "ತುಂಬಿತು" ಎಂದೇ ಕಾಣುತ್ತದೆ, ಕೂಗುತ್ತದೆ, ನಿಮಗೆ ಗೊತ್ತಾಗುತ್ತದೆ. ತಿರುವುಮುರುವಾಗಿ ಮಾಡಿದ್ದರೆ ಕೇಬಲ್ ಕಡಿದ ಮೇಲೆ ಅದು ತೆಪ್ಪಗೆ ಕೂರುತ್ತಿತ್ತು, ಪಕ್ಕದ ಮನೆಯವರೇ ಮತ್ತೆ ಕೂಗಬೇಕಿತ್ತು. ಸಣ್ಣ ಫ್ಲೋಟ್ ಸ್ವಿಚ್ಚುಗಳಲ್ಲಿ ಬಹುತೇಕ ಬಿಲ್ಲೆಯನ್ನು ಕಳಚಿ ತಲೆಕೆಳಗು ಮಾಡಿ ಹಾಕಿದರೆ ಕೂಡುವುದು ಬಿಡುವುದು ಅದಲುಬದಲಾಗುತ್ತದೆ.

ಪ್ರೋಗ್ರಾಂ: ಮೂರು ಮನಸ್ಥಿತಿ

ಕೋಡ್ ಬರೆಯುವ ಮೊದಲು ಕಾಗದದ ಮೇಲೆ ಮೂರು ವೃತ್ತ ಎಳೆಯಿರಿ. ಒಂದು "ಸುಮ್ಮನೆ", ಒಂದು "ಕೂಗು", ಒಂದು "ಕೇಳಿಸಿತು". ಸುಮ್ಮನೆ ಇರುವಾಗ ಟ್ಯಾಂಕ್ ತುಂಬಿದರೆ ಕೂಗು. ಕೂಗುವಾಗ ಬಟನ್ ಒತ್ತಿದರೆ ಕೇಳಿಸಿತು: ಬಜರ್ ನಿಲ್ಲುತ್ತದೆ, ದೀಪ ಉರಿಯುತ್ತಲೇ ಇರುತ್ತದೆ. ನೀರು ಇಳಿದಾಗ ಯಾವ ಸ್ಥಿತಿಯಿಂದಾದರೂ ಮತ್ತೆ ಸುಮ್ಮನೆ. ಬಾಣಗಳ ಮೇಲೆ ಕಾರಣ ಬರೆಯಿರಿ. ಕೋಡ್ ಆ ಚಿತ್ರದ ನಕಲಷ್ಟೇ.

"ಕೇಳಿಸಿತು" ಎಂಬುದರಲ್ಲಿ ಒಂದು ಮೋಸ ಇದೆ. ಬೆಳಗಿನ ಅಲಾರಂ ಆರಿಸಿ ಮತ್ತೆ ಮಲಗುವ ಹಾಗೆ, ಬಟನ್ ಒತ್ತಿ ಮೋಟರ್ ಮರೆಯಬಹುದು. ಅದಕ್ಕೆ ಒಂದು ನಿಮಿಷ ಕಳೆದ ಮೇಲೆ ಒಂದೇ ಒಂದು ಸಲ ಮೆಲ್ಲಗೆ ಟಿಕ್ ಎನ್ನುವಂತೆ ಮಾಡಿದೆ. ಮತ್ತೆ ಮತ್ತೆ ಬೇಡ, ಮೋಟರ್ ಆರಿಸಿದ್ದರೂ ಅದಕ್ಕೆ ತಿಳಿಯುವುದಿಲ್ಲವಲ್ಲ.

ಕಾಯುವುದಕ್ಕೆ ಡಿಲೇ ಎಂಬ ಆಜ್ಞೆ ಬಳಸಬೇಡಿ. ಡಿಲೇ ನಡೆಯುವಾಗ ಬೋರ್ಡ್ ಕಿವಿ ಮುಚ್ಚಿಕೊಂಡಿರುತ್ತದೆ, ಬಟನ್ ಒತ್ತಿದರೂ ಗೊತ್ತಾಗದು. ಮಿಲಿಸೆಕೆಂಡು ಎಣಿಸುವ ಮಿಲಿಸ್ ಎಂಬ ಗಡಿಯಾರವನ್ನು ಓದಿ, "ಈಗಿನದರಲ್ಲಿ ಆಗಿನದನ್ನು ಕಳೆದರೆ ಎಷ್ಟು" ಎಂದು ನೋಡಿ. ಆ ಗಡಿಯಾರ ಸುಮಾರು 49.7 ದಿನಕ್ಕೊಮ್ಮೆ ಸೊನ್ನೆಗೆ ಮರಳುತ್ತದೆ. ಕಳೆಯುವ ರೀತಿಯಲ್ಲೇ ಬರೆದಿದ್ದರೆ, ಅನ್‌ಸೈನ್ಡ್ ಲಾಂಗ್ ಎಂಬ ದೊಡ್ಡ ಸಂಖ್ಯೆಯ ಬಗೆ ಬಳಸಿದ್ದರೆ, ಅದರಿಂದ ತೊಂದರೆ ಇಲ್ಲ.

ನಾನು ಎಡವಿದ್ದು ಬೇರೆ ಕಡೆ. ಒಂದು ನಿಮಿಷ ಎಂದರೆ 60,000 ಮಿಲಿಸೆಕೆಂಡ್. ಊನೊದಲ್ಲಿ ಇಂಟ್ ಎಂಬ ಮಾಮೂಲಿ ಸಂಖ್ಯೆಯ ಬಗೆ 16 ಬಿಟ್, 32,767 ದಾಟಿದರೆ ಋಣಸಂಖ್ಯೆಗೆ ಉರುಳುತ್ತದೆ. 60 ಗುಣಿಸು 1000 ಎಂದು ಬರೆದಿದ್ದೆ, ಟಿಕ್ ಬರಲೇ ಇಲ್ಲ. ಸಂಖ್ಯೆಯ ಕೊನೆಗೆ ಯುಎಲ್ ಎಂದು ಎರಡು ಅಕ್ಷರ ಸೇರಿಸಿದ ಮೇಲೆ ಬಂತು. ಹೀಗೆ ಸಿಕ್ಕಿಹಾಕಿಕೊಂಡಾಗ ಸೀರಿಯಲ್ ಮಾನಿಟರಿನಲ್ಲಿ (ಬೋರ್ಡ್ ಕಳಿಸುವ ಅಕ್ಷರಗಳು ಕಾಣುವ, ಕಂಪ್ಯೂಟರಿನ ಪರದೆಯ ಕಿಟಕಿ) ಸ್ಥಿತಿಯ ಹೆಸರನ್ನೂ ಸಮಯವನ್ನೂ ಅಚ್ಚು ಹಾಕಿಸಿ ನೋಡಿ. ಅಲ್ಲಿ ಅರ್ಥವಿಲ್ಲದ ಅಕ್ಷರ ಬಂದರೆ ಎರಡೂ ಕಡೆ ವೇಗ ಒಂದೇ, ಉದಾಹರಣೆಗೆ 9600, ಇದೆಯೇ ಪರೀಕ್ಷಿಸಿ.

ಅಲೆ ಎಂಬ ತಲೆನೋವು

ಎಲ್ಲ ಬಟನ್ನುಗಳೂ ಒತ್ತಿದಾಗ ಕೆಲವು ಮಿಲಿಸೆಕೆಂಡು ಒಳಗೊಳಗೇ ಕುಪ್ಪಳಿಸುತ್ತವೆ. ಒಮ್ಮೆ ಒತ್ತಿದ್ದು ಐದು ಸಲ ಒತ್ತಿದಂತೆ ಕಾಣುತ್ತದೆ. ಬಟನ್ನಿಗೆ 20ರಿಂದ 50 ಮಿಲಿಸೆಕೆಂಡ್ ತಾಳಿ ಓದಿದರೆ ಮುಗಿಯಿತು, ಪುಸ್ತಕಗಳೂ ಅಷ್ಟನ್ನೇ ಹೇಳುತ್ತವೆ. ಫ್ಲೋಟಿಗೆ ಅದು ಸಾಲದು. ಪೈಪಿನಿಂದ ಧೋ ಎಂದು ಬೀಳುವ ನೀರು ಟ್ಯಾಂಕಿನಲ್ಲಿ ಅಲೆ ಎಬ್ಬಿಸುತ್ತದೆ, ಬಿಲ್ಲೆ ಸೆಕೆಂಡುಗಟ್ಟಲೆ ಮೇಲೆ ಕೆಳಗೆ ಆಡುತ್ತದೆ. ನನ್ನ ಬಜರ್ ಮೊದಲ ದಿನ ಬಿಕ್ಕಳಿಸಿದಂತೆ ಕೂಗಿತು, ನಿಂತಿತು, ಕೂಗಿತು.

ಉಪಾಯ ಇದು: ಸ್ವಿಚ್ಚಿನ ಸ್ಥಿತಿ ಬದಲಾದಾಗಲೆಲ್ಲ ಆ ಸಮಯ ಬರೆದಿಟ್ಟುಕೊಳ್ಳಿ. ಬದಲಾಗದೆ ನಾಲ್ಕು ಸೆಕೆಂಡು ನಿಂತರೆ ಮಾತ್ರ ನಂಬಿ. ನಿಮಿಷಕ್ಕೆ 40 ಲೀಟರಿನ ಲೆಕ್ಕದಲ್ಲಿ ನಾಲ್ಕು ಸೆಕೆಂಡಿಗೆ ಮೂರು ಲೀಟರೂ ಆಗುವುದಿಲ್ಲ, ನಷ್ಟವಿಲ್ಲ. ಇದನ್ನು ಟ್ಯಾಂಕಿಗೆ ಹತ್ತಿ ಪರೀಕ್ಷಿಸಬೇಕಿಲ್ಲ. ಬಚ್ಚಲಲ್ಲಿ ಬಕೆಟ್ ಇಟ್ಟು, ಫ್ಲೋಟ್ ಇಳಿಬಿಟ್ಟು, ನಲ್ಲಿ ಜೋರಾಗಿ ಬಿಡಿ. ಬೋರ್ಡ್ ಮಾತ್ರ ಬಾಗಿಲಾಚೆ ಇರಲಿ.

ಶಬ್ದದ ಬಗ್ಗೆಯೂ ಒಂದು ಮಾತು. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಕೀರಲು ಸ್ವರಗಳನ್ನು. ಮನೆಯಲ್ಲಿ ಹಿರಿಯರಿದ್ದರೆ ಪ್ಯಾಸಿವ್ ಬಜರ್ (ನಾವು ಕೊಟ್ಟ ಸ್ವರವನ್ನು ನುಡಿಸುವ ಬಗೆ) ಕೊಂಡು, ಟೋನ್ ಫಂಕ್ಷನ್ನಿನಲ್ಲಿ ಬೇರೆ ಬೇರೆ ಸ್ವರ ಕೇಳಿಸಿ, ಯಾವುದಕ್ಕೆ ತಲೆ ಎತ್ತುತ್ತಾರೆ ನೋಡಿ. ತೀರ ತಗ್ಗಿನ ಸ್ವರದಲ್ಲಿ ಪುಟ್ಟ ಬಜರಿನ ಸದ್ದೇ ಕಮ್ಮಿಯಾಗುತ್ತದೆ, ಹಾಗಾಗಿ ನಡುವೆ ಎಲ್ಲೋ ರಾಜಿಯಾಗಬೇಕು.

ತಾರಸಿಯಿಂದ ಅಡುಗೆಮನೆಗೆ

ಟ್ಯಾಂಕಿಗೆ ತೂತು ಕೊರೆಯಬೇಡಿ. ಅರ್ಧ ಇಂಚಿನ ಪಿವಿಸಿ ಪೈಪಿನ ತುದಿಗೆ ಫ್ಲೋಟ್ ಕಟ್ಟಿ ಮುಚ್ಚಳದ ಬಾಯಿಂದ ಇಳಿಬಿಡಿ. ವೈರಿನ ಜೋಡಣೆ ನೀರಿಗಿಂತ ಮೇಲೆ, ಮುಚ್ಚಿದ ಜಂಕ್ಷನ್ ಬಾಕ್ಸಿನಲ್ಲಿರಲಿ. ಬರಿಯ ಟೇಪ್ ಸುತ್ತಿದರೆ ಒಂದು ಮಳೆಗಾಲವೂ ತಡೆಯುವುದಿಲ್ಲ.

ಕೆಳಗಿಳಿಸಲು ಲ್ಯಾನ್ ಕೇಬಲ್ ಒಳ್ಳೆಯದು, ಅದರಲ್ಲಿ ಹೆಣೆದ ಒಂದು ಜೋಡಿ ಸಾಕು. ಹದಿನೈದು ಮೀಟರ್ ವೈರು ಒಂದು ಆಂಟೆನಾ ಇದ್ದ ಹಾಗೆ. ಮೇಜಿನ ಮೇಲೆ ಸರಿಯಿದ್ದದ್ದು ಇಲ್ಲಿ ಮಿಕ್ಸಿ ಹಾಕಿದಾಗ ಬೆಚ್ಚಿಬೀಳುತ್ತದೆ. ಬೋರ್ಡಿನೊಳಗಿನ ಪುಲ್‌ಅಪ್ 20ರಿಂದ 50 ಕಿಲೋಓಮ್, ಇಷ್ಟುದ್ದಕ್ಕೆ ದುರ್ಬಲ. ಹೊರಗಿನಿಂದ 4.7 ಕಿಲೋಓಮ್ ಒಂದನ್ನು ಕೇಬಲಿನ ವೈರಿಗೂ 5 ವೋಲ್ಟಿಗೂ ನಡುವೆ ಹಾಕಿ. ಆ ವೈರಿನಿಂದ ಪಿನ್ನಿಗೆ ಹೋಗುವ ದಾರಿಯಲ್ಲಿ 1 ಕಿಲೋಓಮ್, ಪಿನ್ನಿನಿಂದ ಗ್ರೌಂಡಿಗೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್. ಇದು ಸಿಡಿಲಿಗೆ ರಕ್ಷಣೆಯಲ್ಲ. ಗುಡುಗು ಶುರುವಾದರೆ ಕೇಬಲನ್ನು ಬೋರ್ಡಿನಿಂದ ಕಿತ್ತಿಡುವಂತೆ ಪ್ಲಗ್ ಇಟ್ಟುಕೊಳ್ಳಿ.

ಕರೆಂಟಿಗೆ ಹಳೆಯ ಫೋನ್ ಚಾರ್ಜರ್ ಸಾಕು. ಬ್ಯಾಟರಿ ಬೇಡವೇ ಎಂದು ಕೇಳುತ್ತಾರೆ. ಕರೆಂಟ್ ಹೋದರೆ ಮೋಟರೂ ನಿಲ್ಲುತ್ತದೆ, ಅಲಾರಂ ಯಾರಿಗೆ?

ಇಷ್ಟಾದ ಮೇಲೆ ರಿಲೇ (ಸಣ್ಣ ಕರೆಂಟಿನಿಂದ ನಡೆಯುವ ಸ್ವಿಚ್) ಹಾಕಿ ಮೋಟರನ್ನೂ ತಾನಾಗಿ ಆರಿಸಿಬಿಡೋಣ ಎಂಬ ಆಸೆ ಹುಟ್ಟುತ್ತದೆ. ನನ್ನ ಅಭಿಪ್ರಾಯದಲ್ಲಿ ಮೊದಲ ಸಾಧನದಲ್ಲಿ ಅದು ಬೇಡವೇ ಬೇಡ. ಈವರೆಗೆ ಮುಟ್ಟಿದ್ದೆಲ್ಲ 5 ವೋಲ್ಟ್, ತಪ್ಪಾದರೆ ಚಿಪ್ ಹೋಗುತ್ತದೆ. ಮೋಟರ್ ಇರುವುದು 230 ವೋಲ್ಟಿನಲ್ಲಿ, ಅದೂ ನೀರಿನ ಪಕ್ಕ. ಬೇಕೇ ಬೇಕೆಂದರೆ ಅಷ್ಟು ಭಾಗವನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಿಂದ, ಕಾಂಟ್ಯಾಕ್ಟರ್ (ಮೋಟರಿನ ಭಾರ ತಡೆಯುವ ದೊಡ್ಡ ರಿಲೇ) ಹಾಕಿಸಿ ಮಾಡಿಸಿ.

ಬೆಸುಗೆ, ಡಬ್ಬಿ

ಬ್ರೆಡ್‌ಬೋರ್ಡಿನಲ್ಲಿ ಎರಡು ವಾರ ತಪ್ಪಿಲ್ಲದೆ ನಡೆದ ಮೇಲೆ ಮಾತ್ರ ಬೆಸುಗೆಗೆ ಕೈಹಾಕಿ. ಅಂಗಡಿಯಲ್ಲಿ ಝೀರೋ ಪಿಸಿಬಿ ಎಂದು ಕೇಳಿದರೆ ತೂತುಗಳ ಬೋರ್ಡ್ ಕೊಡುತ್ತಾರೆ. ಬೆಸೆಯುವ ಐರನ್ನಿನ ತುದಿ 350 ಡಿಗ್ರಿ ಸೆಲ್ಸಿಯಸ್ ಸುತ್ತಮುತ್ತ ಇರಲಿ. ಮೊದಲು ತುದಿಯನ್ನು ಭಾಗದ ಕಾಲಿಗೂ ತಾಮ್ರದ ಬಿಲ್ಲೆಗೂ ಒಟ್ಟಿಗೆ ತಾಗಿಸಿ ಬಿಸಿ ಮಾಡಿ, ಆಮೇಲೆ ಲೆಡ್ ತಂತಿಯನ್ನು (ಕರಗಿ ಬೆಸೆಯುವ ತಂತಿ) ಆ ಜಾಗಕ್ಕೆ ಮುಟ್ಟಿಸಿ, ಐರನ್ನಿಗಲ್ಲ. ಸರಿಯಾದ ಬೆಸುಗೆ ಹೊಳೆಯುತ್ತದೆ, ಪುಟ್ಟ ಗುಡ್ಡದಂತೆ ಇಳಿಜಾರಾಗಿರುತ್ತದೆ. ಮಣಿಯಂತೆ ಉರುಟಾಗಿ ಕೂತಿದ್ದರೆ ಅದು ಅಂಟಿಲ್ಲ, ಮತ್ತೆ ಬಿಸಿ ಮಾಡಿ. ಕಿಟಕಿ ತೆರೆದಿರಲಿ. ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ, ಆ ತಂತಿಯಲ್ಲಿ ಸೀಸ ಇರುತ್ತದೆ.

ಡಬ್ಬಿಗೆ ತ್ರೀಡಿ ಪ್ರಿಂಟರ್ ಬೇಕೆಂದಿಲ್ಲ. ಗೋಡೆಗೆ ಹಾಕುವ ಪ್ಲಾಸ್ಟಿಕ್ ಸ್ವಿಚ್ ಬಾಕ್ಸ್ ಸಾಕು. ಅದರ ಖಾಲಿ ಮುಚ್ಚಳಕ್ಕೆ ಬಟನ್ ಕೂರುವಷ್ಟು ತೂತು ಕೊರೆಯಿರಿ. ಒಗ್ಗರಣೆಯ ಎಣ್ಣೆಹೊಗೆ ಬಡಿಯದ ಗೋಡೆ ಆರಿಸಿ. ಹಾಕಿದ ಮೇಲೆ ಏನೂ ವಿವರಿಸಬೇಡಿ. ಮನೆಗೆ ಬಂದ ಅತ್ತೆಗೋ ಚಿಕ್ಕಮ್ಮನಿಗೋ "ಇದು ಕೂಗಿದಾಗ ನೋಡ್ಕೊಳ್ಳಿ" ಎಂದಷ್ಟೇ ಹೇಳಿ ದೂರ ನಿಲ್ಲಿ. ಅವರು ಎಲ್ಲಿ ತಡವರಿಸುತ್ತಾರೋ ಅಲ್ಲಿ ತಿದ್ದಬೇಕಾದದ್ದು ನಿಮ್ಮ ಡಬ್ಬಿಯನ್ನು. ನಮ್ಮ ಚಿಕ್ಕಮ್ಮ ಬಟನ್ ಒತ್ತಿದರೆ ಮೋಟರೇ ಆಫ್ ಆಗುತ್ತದೆ ಎಂದುಕೊಂಡರು. ಕೆಂಪು ಬಟನ್ ಇತ್ತು, ತಪ್ಪು ನನ್ನದೇ. ಮರುವಾರ ಹಳದಿಯದು ಹಾಕಿದೆ.

ಮುಚ್ಚಳ ಹಾಕುವ ಮೊದಲು ಯಾವ ಪಿನ್ನಿಗೆ ಯಾವ ವೈರು, ಯಾವ ದಿನ ಹಾಕಿದ್ದು, ಕೋಡ್ ಯಾವ ಫೋಲ್ಡರಿನಲ್ಲಿದೆ ಎಂದು ಒಂದು ಚೀಟಿಯಲ್ಲಿ ಬರೆದು ಒಳಗೆ ಅಂಟಿಸಿ. ಕಳೆದ ತಿಂಗಳು ನಮ್ಮದನ್ನು ತೆಗೆದಾಗ ನನ್ನ ಚೀಟಿಯ ಕೆಳಗೆ ಅಮ್ಮನ ಅಕ್ಷರದಲ್ಲಿ ಇನ್ನೆರಡು ಸಾಲು ಇದ್ದವು: ಮೋಟರ್ ರಿಪೇರಿಯವರ ಫೋನ್ ನಂಬರ್, ಮತ್ತು ಟ್ಯಾಂಕ್ ತೊಳೆಸಿದ ತಾರೀಕು.